ಸೋತವನೇ ತೀರ್ಪು ಕೊಡುವ ಕಾಳಗ

2003ರ ಮೇ ತಿಂಗಳು, ಬ್ರೆಜಿಲ್‌ನ ಸಾವೊ ಪಾಲೊ ನಗರ. 66 ಕಿಲೋ ಒಳಗಿನವರ ವಿಭಾಗದಲ್ಲಿ ರಾಯ್ಲರ್ ಗ್ರೇಸಿ ಅವರಿಗೆ ಎದುರಾಳಿ ಎಡ್ಡಿ ಬ್ರಾವೊ ಎಂಬ ಅಮೆರಿಕನ್. ರಾಯ್ಲರ್ 1999, 2000, 2001ರಲ್ಲಿ ಸತತವಾಗಿ ಇದೇ ವಿಭಾಗ ಗೆದ್ದವರು. ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ ಕಾಳಗವಿದ್ಯೆಯನ್ನು ಕಟ್ಟಿ ಬೆಳೆಸಿದ ಮನೆತನದವರು. ಬ್ರಾವೊಗೆ ಆಗ ಕಪ್ಪು ಪಟ್ಟಿಯೂ ಸಿಕ್ಕಿರಲಿಲ್ಲ, ಕಂದು ಪಟ್ಟಿಯವರು. ಬ್ರಾವೊ ಬೆನ್ನ ಮೇಲೆ ಮಲಗಿದ್ದರು, ರಾಯ್ಲರ್ ಮೇಲಿನಿಂದ ಅವರ ಕಾಲುಗಳನ್ನು ದಾಟಿ ಬರಲು ನೋಡುತ್ತಿದ್ದರು. ಅಷ್ಟರಲ್ಲಿ ಬ್ರಾವೊ ಅವರ ಒಂದು ಕಾಲು ರಾಯ್ಲರ್ ಕೊರಳ ಮೇಲೆ ಹಾದುಬಂತು, ಇನ್ನೊಂದು ಕಾಲಿನ ಮಂಡಿ ಮಡಚಿ ಅದಕ್ಕೆ ಬೀಗ ಹಾಕಿತು. ರಾಯ್ಲರ್ ಸೋಲೊಪ್ಪಿಕೊಂಡರು.

ಕುಸ್ತಿ ನೋಡಿ ಬೆಳೆದ ಕನ್ನಡಿಗರಿಗೆ ಈ ದೃಶ್ಯ ತಲೆಕೆಳಗಾಗಿ ಕಾಣುತ್ತದೆ. ದಸರಾ ಕುಸ್ತಿಯಲ್ಲಿ ಪೈಲ್ವಾನನ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ರಾಯ್ಲರ್, ಬ್ರಾವೊ ಆಡಿದ ಸಬ್ಮಿಷನ್ ಗ್ರ್ಯಾಪ್ಲಿಂಗ್‌ನಲ್ಲಿ ಎಷ್ಟೋ ಪಂದ್ಯಗಳು ನಿಜವಾಗಿ ಶುರುವಾಗುವುದೇ ಆಮೇಲೆ. ನೆಲದ ಮೇಲಿರುವವನ ಎರಡು ಕಾಲುಗಳೂ ಈಗ ಹಿಡಿಯಲು, ತಳ್ಳಲು, ಕಟ್ಟಿಹಾಕಲು ಬಿಡುವಾಗಿರುತ್ತವೆ. ಕೆಳಗಿರುವವನು ಸೋಲುತ್ತಿದ್ದಾನೆ ಎಂದು ಹೇಳುವಂತೆಯೇ ಇಲ್ಲ. ಮೈಸೂರು ಅರಮನೆ ಅಂಗಳದಲ್ಲಿ ವಿಜಯದಶಮಿಯಂದು ಜೆಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಚಿಮ್ಮಿದ ರಕ್ತವೇ ಫಲಿತಾಂಶ ಸಾರುತ್ತದೆ. ಇಲ್ಲಿ ಹಾಗೆ ಸಾರುವವನು ಸೋತವನೇ. ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಮೂರು ಸಲ ತಟ್ಟಿದರೆ, ಅಥವಾ ಬಾಯಲ್ಲಿ ಹೇಳಿದರೆ, ಹಿಡಿತ ಆ ಕ್ಷಣವೇ ಸಡಿಲವಾಗಬೇಕು. ಗುದ್ದುವಂತಿಲ್ಲ, ಒದೆಯುವಂತಿಲ್ಲ. ಕೀಲನ್ನು ಅದರ ಮಿತಿಯಾಚೆ ತಿರುಚುವ ಅಥವಾ ಕೊರಳನ್ನು ಬಿಗಿಯುವ ಪಟ್ಟಿನಿಂದ ಎದುರಾಳಿಯನ್ನು ಶರಣಾಗಿಸುವುದೊಂದೇ ಗುರಿ.

ಸಾವೊ ಪಾಲೊದಲ್ಲಿ ನಡೆದದ್ದು ಎಡಿಸಿಸಿ, ಅಂದರೆ ಅಬುಧಾಬಿ ಕಾಂಬ್ಯಾಟ್ ಕ್ಲಬ್‌ನ ಚಾಂಪಿಯನ್‌ಷಿಪ್. ಯುಎಇ ರಾಜಮನೆತನದ ಶೇಖ್ ತಹ್ನೂನ್ ಬಿನ್ ಝಾಯೆದ್ ಅಮೆರಿಕದಲ್ಲಿದ್ದಾಗ ಜಿಯು-ಜಿಟ್ಸು ಕಲಿತರು. ಊರಿಗೆ ಮರಳಿದ ಮೇಲೆ ಜೂಡೋ, ಕುಸ್ತಿ, ಸಾಂಬೊ, ಜಿಯು-ಜಿಟ್ಸು ಪಟುಗಳೆಲ್ಲ ಒಂದೇ ನಿಯಮದಡಿ ಸೆಣಸುವ ಪಂದ್ಯಾವಳಿಯನ್ನು 1998ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದರು. ಜೂಡೋ ಪಟುಗಳು ತೊಡುವ ದಪ್ಪ ಅಂಗಿ ಇಲ್ಲಿಲ್ಲ. ಮೈಗಂಟುವ ಬನಿಯನ್ನು, ಚಡ್ಡಿ, ಅಷ್ಟೇ. ಹಿಡಿಯಲು ಕಾಲರ್ ಇಲ್ಲ, ತೋಳಿನ ಅಂಚಿಲ್ಲ. ಬೆವರಿದ ಮೈ ಜಾರುತ್ತದೆ. ಹಾಗಾಗಿ ಕಂಕುಳಡಿ ಕೈ ತೂರಿಸಿ ಬೆನ್ನನ್ನು ಅಪ್ಪುವುದು, ಸೊಂಟ ಸುತ್ತಿ ಬಿಗಿಯುವುದು, ಎದೆಗೆ ಎದೆ ಒತ್ತಿ ಭಾರ ಹೇರುವುದು, ಇವೇ ಇಲ್ಲಿನ ಹಿಡಿತಗಳು.

ಎಡಿಸಿಸಿಯ ನಿಯಮದಲ್ಲಿ ಒಂದು ಜಾಣ್ಮೆಯಿದೆ. ಆರಂಭದ ಸುತ್ತುಗಳ ಪಂದ್ಯ 10 ನಿಮಿಷದ್ದು, ಫೈನಲ್ 20 ನಿಮಿಷದ್ದು. ಮೊದಲರ್ಧದಲ್ಲಿ ಅಂಕವೇ ಇಲ್ಲ. ಏನು ಸಾಹಸ ಮಾಡಿ ವಿಫಲವಾದರೂ ನಷ್ಟ ಅಂಕಪಟ್ಟಿಗೆ ಏರುವುದಿಲ್ಲ, ಆದ್ದರಿಂದ ಆಟಗಾರರು ಧೈರ್ಯವಾಗಿ ಪಟ್ಟುಗಳಿಗೆ ಕೈ ಹಾಕುತ್ತಾರೆ. ದ್ವಿತೀಯಾರ್ಧ ಶುರುವಾದ ಕೂಡಲೇ ಆಟದ ಬಣ್ಣ ಬದಲಾಗುತ್ತದೆ. ಕೆಡವಿದರೆ ಅಂಕ, ಕಾಲುಗಳ ಕಾವಲು ದಾಟಿದರೆ ಅಂಕ, ಬೆನ್ನೇರಿದರೆ ಅಂಕ. ತಾನಾಗಿಯೇ ನೆಲಕ್ಕೆ ಕೂತರೆ ಒಂದು ಅಂಕ ಕಳೆಯುತ್ತಾರೆ. ಐದು ನಿಮಿಷ ನೆಲದಲ್ಲಿ ಹಾವಿನಂತೆ ಸುತ್ತಿಕೊಳ್ಳುತ್ತಿದ್ದವರು ಥಟ್ಟನೆ ನಿಂತು ಕುಸ್ತಿಪಟುಗಳಾಗುತ್ತಾರೆ. ಪಂದ್ಯ ನೋಡುವ ನಿಜವಾದ ಸೊಗಸು ಈ ತಿರುವಿನಲ್ಲಿದೆ.

ಕಣಕ್ಕಿಳಿದವನ ಮೈಯೊಳಗೆ ಅಷ್ಟು ಹೊತ್ತು ನಡೆಯುವುದೇ ಬೇರೆ. ಮೊದಲ ಸಲ ಸ್ಪರ್ಧಿಸುವವರು ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತಾರೆ, ಇದ್ದ ಬಲವನ್ನೆಲ್ಲ ಹಿಡಿತಕ್ಕೆ ಸುರಿಯುತ್ತಾರೆ. ಒಂದೆರಡು ನಿಮಿಷದಲ್ಲಿ ಮುಂಗೈ ಕಲ್ಲಾಗುತ್ತದೆ, ಬೆರಳು ಮಡಚಲು ಬರುವುದಿಲ್ಲ. ತರಬೇತಿಯಲ್ಲಿ ಅರ್ಧ ಗಂಟೆ ಸರಾಗ ಆಡಬಲ್ಲವರಿಗೂ ಸ್ಪರ್ಧೆಯಲ್ಲಿ ಐದು ನಿಮಿಷ ಭಾರವಾಗುವುದು ಹೀಗೆ. ಅನುಭವಿಗಳು ಎದುರಾಳಿಯ ಭಾರವನ್ನು ತೋಳಿನಿಂದ ಎತ್ತುವುದಿಲ್ಲ. ಮೊಣಕೈ, ಮಂಡಿಗಳನ್ನು ಊರುಗೋಲು ಮಾಡಿ ಮೂಳೆಯ ಮೇಲೆ ಹೊರುತ್ತಾರೆ, ಸೊಂಟ ಜರುಗಿಸಿ ಜಾಗ ಮಾಡಿಕೊಳ್ಳುತ್ತಾರೆ. ಮ್ಯಾಟ್ ಪಕ್ಕದಲ್ಲಿ ಕೂತ ಕೋಚ್ ಉಳಿದ ಸಮಯವನ್ನೂ ಎದುರಾಳಿಯ ಮುಂದಿನ ನಡೆಯನ್ನೂ ಕೂಗಿ ಹೇಳುತ್ತಿರುತ್ತಾರೆ. ಆ ಗದ್ದಲದಲ್ಲಿ ಒಂದು ದನಿಯನ್ನು ಹೆಕ್ಕಿ ಕೇಳಿಸಿಕೊಳ್ಳುವುದೂ ಕಲಿತು ಬರುವ ವಿದ್ಯೆಯೇ.

ಕೊರಳ ಪಟ್ಟು ಉಸಿರು ಕಟ್ಟಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಚೆನ್ನಾಗಿ ಹಾಕಿದ ಪಟ್ಟು ಶ್ವಾಸನಾಳದ ತಂಟೆಗೆ ಹೋಗುವುದಿಲ್ಲ. ಕೊರಳ ಎರಡೂ ಬದಿಗಳಲ್ಲಿ ಮೆದುಳಿಗೆ ರಕ್ತ ಒಯ್ಯುವ ಧಮನಿಗಳನ್ನು ಒತ್ತುತ್ತದೆ. ಬ್ರಾವೊ ಹಾಕಿದ ತ್ರಿಕೋನ ಪಟ್ಟಿನಲ್ಲಿ ಒಂದು ಬದಿಗೆ ಅವರ ತೊಡೆ, ಇನ್ನೊಂದು ಬದಿಗೆ ರಾಯ್ಲರ್ ಅವರ ಸ್ವಂತ ಭುಜ. ಪೂರ್ತಿ ಬಿಗಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಅದೇ 2003ರಲ್ಲಿ ಬದಲಿ ಆಟಗಾರರಾಗಿ ಬಂದ ಮಾರ್ಸೆಲೊ ಗಾರ್ಸಿಯ, ಬಲಾಢ್ಯ ವಿಟರ್ ರಿಬೇರೊ ಅವರ ಬೆನ್ನೇರಿ, ಹಿಂದಿನಿಂದ ಕೊರಳು ಬಿಗಿದು, ನಿಮಿಷ ತುಂಬುವ ಮೊದಲೇ ಪ್ರಜ್ಞೆ ತಪ್ಪಿಸಿದರು. ಆ ವರ್ಷದ 77 ಕಿಲೋ ವಿಭಾಗದ ಪಟ್ಟ ಅವರದಾಯಿತು. ಮುಂದೆ ಇನ್ನೂ ಮೂರು ಬಾರಿ ಗೆದ್ದರು.

ಕೀಲಿನ ಪಟ್ಟುಗಳು ಇನ್ನೂ ಕಠಿಣ, ಏಕೆಂದರೆ ಅಲ್ಲಿ ಹಟ ಸಾಧಿಸಲು ಅವಕಾಶವಿದೆ. 1951ರ ಅಕ್ಟೋಬರ್‌ನಲ್ಲಿ ರಿಯೊ ಡಿ ಜನೈರೊದ ಮರಕಾನ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ದಿಗ್ಗಜ ಮಸಾಹಿಕೊ ಕಿಮುರ, ರಾಯ್ಲರ್ ಅವರ ತಂದೆ ಹೀಲಿಯೊ ಗ್ರೇಸಿ ಅವರ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಮೂಳೆ ಮುರಿದ ಸದ್ದು ಕೇಳಿತೆಂದು ಕಿಮುರ ಮುಂದೆ ಬರೆದರು. ಹೀಲಿಯೊ ತಟ್ಟಲಿಲ್ಲ. ಕಡೆಗೆ ಅಣ್ಣ ಕಾರ್ಲೋಸ್ ಅವರ ಕಡೆಯಿಂದ ಸೋಲು ಒಪ್ಪಿ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇಂದು ಜಗತ್ತಿನಾದ್ಯಂತ ಕಿಮುರ ಎಂದೇ ಹೆಸರು. ಗೆದ್ದವನ ಹೆಸರನ್ನು ಸೋತವರ ಪರಂಪರೆಯೇ ಪಟ್ಟಿಗೆ ಇಟ್ಟು ಉಳಿಸಿಕೊಂಡದ್ದು ದೊಡ್ಡ ಗುಣ.

2004ರ ಜಿಯು-ಜಿಟ್ಸು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಅಂಗಿ ತೊಟ್ಟು ಆಡಿದ ಫೈನಲ್ ಒಂದರಲ್ಲಿ, ತಟ್ಟದೆ ಉಳಿಯುವ ಆ ಹಟ ಮತ್ತೆ ಕಂಡಿತು. ಅಂಕದಲ್ಲಿ ಮುಂದಿದ್ದ ರೊನಾಲ್ಡೊ ‘ಜಕರೆ’ ಸೋಜಾ ಅವರ ಮೊಣಕೈಯನ್ನು ರೋಜರ್ ಗ್ರೇಸಿ ಹಿಡಿದು ಹಿಗ್ಗಿಸಿದರು. ತೋಳು ಮುರಿಯಿತು. ಜಕರೆ ತಟ್ಟದೆ ಬಿಡಿಸಿಕೊಂಡರು, ಗಾಯದ ಕೈಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಉಳಿದ ಹೊತ್ತು ದೂರ ದೂರ ಸರಿದು ಗೆದ್ದರು. ಮರುವರ್ಷ ಕ್ಯಾಲಿಫೋರ್ನಿಯಾದ ಎಡಿಸಿಸಿಯಲ್ಲಿ ರೋಜರ್ ಆಡಿದ ಎಂಟೂ ಪಂದ್ಯಗಳಲ್ಲಿ ಎದುರಾಳಿಗಳನ್ನು ಶರಣಾಗಿಸಿದರು. ತೂಕದ ಮಿತಿಯಿಲ್ಲದ ವಿಭಾಗದ ಫೈನಲ್‌ನಲ್ಲಿ ಅವರ ಕೈಗೆ ಸಿಕ್ಕಿದ್ದು ಇದೇ ಜಕರೆ. ಈ ಸಲ ಹಿಡಿದದ್ದು ಕೊರಳು. ಮುರಿದ ಕೈಯನ್ನು ಅಡಗಿಸಿಡಬಹುದು, ನಿಂತ ರಕ್ತವನ್ನು ಅಡಗಿಸಲಾಗದು.

ಮುರಿದ ತೋಳಿನ ಕಥೆಗಳನ್ನು ಅಭಿಮಾನಿಗಳು ಮೈನವಿರೇಳಿಸಿಕೊಂಡು ಹೇಳುತ್ತಾರೆ. ಆದರೆ ಕಲಿಯುವವರಿಗೆ ಅವು ಮಾದರಿಯಾಗಬಾರದು. ದಿನವೂ ಪೂರ್ಣ ಬಲದಿಂದ ಸೆಣಸಿ ಮರುದಿನ ಮತ್ತೆ ಬರಲು ಸಾಧ್ಯವಾಗಿರುವುದು ತಟ್ಟಿದ ಕೂಡಲೇ ಬಿಡುತ್ತಾರೆಂಬ ನಂಬಿಕೆಯಿಂದ. ಬಿಡುವವನ ಹೊಣೆ ಎಷ್ಟು ದೊಡ್ಡದೋ ಸಮಯಕ್ಕೆ ತಟ್ಟುವವನ ಹೊಣೆಯೂ ಅಷ್ಟೇ ದೊಡ್ಡದು.

ಹಿಮ್ಮಡಿಯ ಪಟ್ಟಿನ ವಿಷಯದಲ್ಲಿ ಈ ಮಾತು ಇನ್ನಷ್ಟು ಗಂಭೀರ. ಎದುರಾಳಿಯ ಕಾಲನ್ನು ತನ್ನ ಕಾಲುಗಳಲ್ಲಿ ಸಿಕ್ಕಿಸಿ ಹಿಮ್ಮಡಿಯನ್ನು ತಿರುಗಿಸಿದರೆ ಏಟು ಬೀಳುವುದು ಮಂಡಿಯ ಒಳಗಿನ ಅಸ್ಥಿರಜ್ಜುಗಳಿಗೆ. ಮೊಣಕೈ ಹಿಗ್ಗುವಾಗ ನೋವು ಮುನ್ಸೂಚನೆ ಕೊಡುತ್ತದೆ, ಮಂಡಿ ತಿರುಚುವಾಗ ಎಷ್ಟೋ ಸಲ ನೋವು ತಿಳಿಯುವ ಹೊತ್ತಿಗೆ ರಜ್ಜು ಹರಿದಿರುತ್ತದೆ. ಎಡಿಸಿಸಿಯಲ್ಲಿ ಇದಕ್ಕೆ ಮೊದಲಿನಿಂದಲೂ ಅವಕಾಶವಿತ್ತು. ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟ ಐಬಿಜೆಜೆಎಫ್ ಒಪ್ಪಿದ್ದು 2021ರಲ್ಲಿ, ಅದೂ ಅಂಗಿಯಿಲ್ಲದ ಪಂದ್ಯಗಳಲ್ಲಿ, ವಯಸ್ಕರ ಕಂದು ಮತ್ತು ಕಪ್ಪು ಪಟ್ಟಿಯವರಿಗೆ ಮಾತ್ರ. ಹೊಸಬರಿಗೆ ಇಂದಿಗೂ ನಿಷೇಧ. ಮಕ್ಕಳ ಪಂದ್ಯಗಳಲ್ಲಿ ಒಕ್ಕೂಟದ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಪಟ್ಟು ಕೂಡಿ ಅಪಾಯ ಕಂಡರೆ ಮಗು ತಟ್ಟಲಿ ಬಿಡಲಿ, ರೆಫರಿಯೇ ನಡುವೆ ಬಂದು ಪಂದ್ಯ ನಿಲ್ಲಿಸುತ್ತಾರೆ.