ಮನೆಯೇ ಶಾಲೆಯಾದಾಗ

ಬೆಳಗಿನ ಒಂಬತ್ತೂವರೆಗೆ ಊಟದ ಡಬ್ಬಿಯನ್ನು ಚೀಲಕ್ಕೆ ಇಳಿಸಿ ಕಚೇರಿಯ ದಾರಿ ಹಿಡಿಯುವ ನಮ್ಮಂಥ ಗುಮಾಸ್ತರು ಶಿಕ್ಷಣದ ವಿಷಯವಾಗಿ ಬರೆಯಹೊರಟರೆ ಓದುಗರು ನಕ್ಕಾರು. ಶಿಕ್ಷಣಶಾಸ್ತ್ರವನ್ನು ನಾವು ಓದಿದವರಲ್ಲ. ಬಿ. ಎ. ಪದವಿಯೊಂದನ್ನು ಪಡೆದು ಕಡತಗಳ ನಡುವೆ ಕಾಲ ಕಳೆಯುವವರು. ಆದರೂ 2022ನೆಯ ಇಸವಿಯ ಜೂನ್ ತಿಂಗಳಿಂದ ಪುಣೆಯ ನಮ್ಮ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಒಂದು ಶಾಲೆ ನಡೆದು ಬಂದಿದೆ. ಅದರ ವಿದ್ಯಾರ್ಥಿ ಒಬ್ಬನೇ, ನಮ್ಮ ಮಗ. ಮುಖ್ಯೋಪಾಧ್ಯಾಯಿನಿ ಅವನ ತಾಯಿ. ನಾವು ಸಂಜೆಯ ಮತ್ತು ರವಿವಾರದ ಮಾಸ್ತರರು. ಸಂಘದ ಕಾರ್ಯಕ್ರಮಗಳಲ್ಲಿ ಭೆಟ್ಟಿಯಾದ ಸ್ನೇಹಿತರು ಎರಡು ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ: "ಹುಡುಗ ತಾನಾಗಿ ಕಲಿಯುತ್ತಾನೆಯೆ? ನಿಮಗೆ ಎದೆ ನಡುಗುವುದಿಲ್ಲವೆ?" ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ನಮಗೆ ತಿಳಿಯಲು ಬಹಳ ದಿನ ಹಿಡಿಯಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತೇವೆ.

ಶಾಲೆಯ ಮೇಲೆ ಹಟ ತೊಟ್ಟು ನಾವು ಮಗನನ್ನು ಬಿಡಿಸಿದವರಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ಬಂದು ದೇಶದ ಶಾಲೆಗಳೆಲ್ಲ ಮುಚ್ಚಿದಾಗ ಅವನಿಗೆ 7 ವರ್ಷ. ಅಕ್ಷರಗಳು ಕೈಗೆ ಹತ್ತುವ ಆ ಕಾಲವೆಲ್ಲ ಮೊಬೈಲಿನ ಅಂಗೈ ಅಗಲದ ಪರದೆಯ ಮುಂದೆ ಕಳೆದುಹೋಯಿತು. ಮತ್ತೆ ತರಗತಿಗೆ ಹೋಗಿ ಕುಳಿತಾಗ ಅವನು ಒಂಬತ್ತರ ಹುಡುಗ. ಗಟ್ಟಿಯಾಗಿ ಓದಲು ನಿಲ್ಲಿಸಿದರೆ ತಡವರಿಸುವನು, ಜೊತೆಯವರು ನಗುವರು. ಕೆಲವೇ ದಿನಗಳಲ್ಲಿ, ಶಾಲೆಯ ಸಮವಸ್ತ್ರವನ್ನು ತೊಡಿಸಿದ ಕೂಡಲೆ ವಾಂತಿ ಮಾಡಿಕೊಳ್ಳತೊಡಗಿದ. ವೈದ್ಯರು ಹೊಟ್ಟೆಯಲ್ಲಿ ದೋಷವಿಲ್ಲವೆಂದರು. ಶಾಲೆಯವರನ್ನು ಕಂಡು ಮಾತಾಡಿದೆವು. ಐವತ್ತು ಮಕ್ಕಳ ನಡುವೆ ಒಬ್ಬನಿಗಾಗಿ ಪಾಠವನ್ನು ನಿಲ್ಲಿಸಲಾಗದೆಂಬುದು ಅವರ ಉತ್ತರ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ದಿನಬೆಳಗಾದರೆ ಬಚ್ಚಲಮನೆಯ ಬಾಗಿಲಲ್ಲಿ ನಡುಗುತ್ತ ನಿಲ್ಲುವ ಮಗನನ್ನು ನೋಡುವುದೂ ನಮ್ಮಿಂದಾಗಲಿಲ್ಲ. "ಒಂದು ವರ್ಷ ಮನೆಯಲ್ಲೇ ಇರಲಿ" ಎಂದು ಅವನ ತಾಯಿ ಹೇಳಿದಳು. ಆ ಒಂದು ವರ್ಷ ಮುಂದೆ ಬೆಳೆಯಿತು.

ಸರಕಾರದ ಅನ್ನ ಉಣ್ಣುವವರಾದ್ದರಿಂದ ನಾವು ಮೊದಲು ತೆರೆದದ್ದು ಕಾಯಿದೆಯ ಪುಸ್ತಕವನ್ನು. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆನ್ನುತ್ತದೆ. ಸೇರಿಸದ ತಂದೆತಾಯಿಗಳಿಗೆ ದಂಡವನ್ನು ಮಾತ್ರ ಹೇಳುವುದಿಲ್ಲ. ಮನೆಯಲ್ಲಿ ಕಲಿಸುವವರ ಹೆಸರನ್ನೇ ಅದು ಎತ್ತುವುದಿಲ್ಲ. ಅಂದರೆ ನಾವು ನಡೆಯಹೊರಟ ದಾರಿಗೆ ಬೇಲಿಯೂ ಇರಲಿಲ್ಲ, ಕೈಮರವೂ ಇರಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಈ ದಾರಿಗೆ ಬರುವವರು ತಿಳಿದೇ ಬರಬೇಕು.

ಇನ್ನು ನಾವು ಮಾಡಿದ ಮೊದಲ ತಪ್ಪು. ಗುಮಾಸ್ತನ ಕೈಗೆ ಶಾಲೆಯನ್ನು ಕೊಟ್ಟರೆ ಏನಾದೀತು? ಕಚೇರಿಯಾಯಿತು! ಗೋಡೆಗೆ ವೇಳಾಪತ್ರಿಕೆ ಅಂಟಿತು. ಹತ್ತರಿಂದ ಹನ್ನೊಂದು ಗಣಿತ, ಹನ್ನೊಂದರಿಂದ ಹನ್ನೆರಡು ಇಂಗ್ಲೀಷು, ಮಧ್ಯಾಹ್ನ ಮರಾಠಿ. ಪ್ರತಿಯೊಂದು ಪುಟಕ್ಕೂ ನಮ್ಮ ಸಹಿ. ಸಂಜೆ ನಾವು ಬಂದು ಚಪ್ಪಲಿ ಬಿಡುವುದರೊಳಗೆ ಹುಡುಗ ನೋಟುಬುಕ್ಕು ಹಿಡಿದು ನಿಲ್ಲಬೇಕು. ನಾಲ್ಕು ತಿಂಗಳು ಈ ದರಬಾರು ಸಾಗಿತು. ವಾಂತಿ ನಿಂತಿತು, ನಿಜ. ಆದರೆ ಹುಡುಗನ ಬಾಯಲ್ಲಿ ಎರಡೇ ಮಾತು ಉಳಿದವು: "ಮುಂದ ಏನ್ ಮಾಡ್ಲಿ?" ಮತ್ತು "ಇದು ಬರೋಬರಿ ಐತೇನ್ರಿ?"

ಒಂದು ಸಂಜೆ ಏಳೆಂಟಲ ಎಷ್ಟೆಂದು ಕೇಳಿದೆವು. ಅವನು ನಮ್ಮ ಮುಖ ನೋಡುತ್ತ "ಐವತ್ನಾಕು" ಎಂದ. ನಮ್ಮ ಹುಬ್ಬು ಗಂಟಿಕ್ಕಿರಬೇಕು. "ಅಲ್ಲಲ್ಲ, ಐವತ್ತಾರು" ಎಂದ. "ಖಾತ್ರಿಯೇನು?" ಎಂದರೆ, ಸರಿಯುತ್ತರವನ್ನೇ ಬಿಟ್ಟು "ಐವತ್ತೆಂಟು" ಎಂದುಬಿಟ್ಟ! ಆಗ ನಮಗೆ ಚುಚ್ಚಿದಂತಾಯಿತು. ಹುಡುಗ ಲೆಕ್ಕವನ್ನು ನೋಡುತ್ತಿರಲಿಲ್ಲ. ನಮ್ಮ ಹುಬ್ಬನ್ನು ಓದುತ್ತಿದ್ದ.

ಜಾನ್ ಹೋಲ್ಟ್ ಎಂಬ ಅಮೆರಿಕದ ಉಪಾಧ್ಯಾಯರೊಬ್ಬರು ಮಕ್ಕಳು ಏಕೆ ಸೋಲುತ್ತಾರೆಂಬುದನ್ನು ಕುರಿತು 1964ರಲ್ಲಿ ಒಂದು ಪುಸ್ತಕ ಬರೆದರು. ಅವರು ತರಗತಿಯಲ್ಲಿ ಕುಳಿತು ಕಂಡುಕೊಂಡದ್ದೂ ಇದನ್ನೇ. ಎಷ್ಟೋ ಮಕ್ಕಳು ಮುಂದಿರುವ ಪ್ರಶ್ನೆಯನ್ನು ಯೋಚಿಸುವುದಿಲ್ಲ, ಕೇಳುವವರ ಮುಖದಲ್ಲಿ ಉತ್ತರವನ್ನು ಹುಡುಕುತ್ತಾರೆ. ಅಂಜಿಕೆಯೇ ಅದಕ್ಕೆ ಕಾರಣ. ಮುಂದೆ ಅವರೇ 1977ರಲ್ಲಿ ಮನೆಯಲ್ಲಿ ಕಲಿಸುವ ತಂದೆತಾಯಿಗಳಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಹೋಲ್ಟರು ಕಂಡದ್ದು ಶಾಲೆಯ ಮಕ್ಕಳನ್ನು. ನಾವಾದರೋ ಮಗನನ್ನು ಶಾಲೆಯಿಂದ ಬಿಡಿಸಿ ತಂದು, ಅದೇ ಅಂಜಿಕೆಯನ್ನು ಮನೆಯಲ್ಲಿ ಮಣೆ ಹಾಕಿ ಕೂರಿಸಿದ್ದೆವು.

ತಪ್ಪು ತಿಳಿಯಿತೇ ಹೊರತು ದಾರಿ ತಿಳಿಯಲಿಲ್ಲ. ದಾರಿ ತೋರಿಸಿದ್ದು ವಿಷಮಜ್ವರ. ಆ ಚಳಿಗಾಲದಲ್ಲಿ ಅವನ ತಾಯಿ ಮೂರು ವಾರ ಹಾಸಿಗೆ ಹಿಡಿದಳು. ಒಂದು ವಾರ ರಜೆ ಹಾಕಿದೆವು; ಆಮೇಲೆ ಕಚೇರಿಗೆ ಹೋಗಲೇಬೇಕಾಯಿತು. ಪಕ್ಕದ ಮನೆಯ ಮರಾಠಿ ಕಾಕೂ ಮಧ್ಯಾಹ್ನ ಗಂಜಿ ಮಾಡಿ ಕೊಟ್ಟು ಹೋಗುವರು. ವೇಳಾಪತ್ರಿಕೆಯನ್ನು ನೋಡುವವರು ಯಾರು? "ಅವ್ವಗ ನೀರು, ಗುಳಿಗಿ ಕೊಡು, ಉಳಿದ ಹೊತ್ತಿನಾಗ ನಿನಗ ತಿಳಿದದ್ದು ಮಾಡು" ಎಂದು ಹೇಳಿ ಹೋಗುತ್ತಿದ್ದೆವು. ಮೂರು ವಾರದ ಪಾಠ ಹಾಳಾಯಿತೆಂದು ಒಳಗೊಳಗೇ ಕೊರಗುತ್ತಿದ್ದೆವು.

ನಮ್ಮ ಓಣಿಯಲ್ಲಿ ಬೆಳಗ್ಗೆ ಆರೂವರೆಗೆ ನಳ ಬರುತ್ತದೆ, ಏಳೂವರೆಗೆ ಹೋಗುತ್ತದೆ. 200 ಲೀಟರಿನ ಡ್ರಮ್ಮೊಂದನ್ನು ತುಂಬಿಕೊಳ್ಳಬೇಕು. ತಾಯಿ ಮಲಗಿದ ಮೇಲೆ ಆ ಕೆಲಸವನ್ನು ಹುಡುಗ ತಾನೇ ವಹಿಸಿಕೊಂಡಿದ್ದ. ಒಂದು ರಾತ್ರಿ ಊಟಕ್ಕೆ ಕುಳಿತಾಗ "ಅಪ್ಪಾ, ನಾಳಿ ಡ್ರಮ್ಮು ಏಳು ಹೊಡದು ಹತ್ತು ಮಿನಿಟಿಗೆ ತುಂಬತೈತಿ, ನೋಡ್ರಿ" ಎಂದ. ಹೇಗೆಂದು ಕೇಳಿದೆವು. 15 ಲೀಟರಿನ ಬಕೀಟು ತುಂಬಲು 3 ಮಿನಿಟು. ಅಂದರೆ ಮಿನಿಟಿಗೆ 5 ಲೀಟರು. 200 ಲೀಟರಿಗೆ 40 ಮಿನಿಟು. ಭಾಗಾಕಾರವೆಂದರೆ ಮುಖ ತಿರುವುತ್ತಿದ್ದ ಹುಡುಗ ಇದನ್ನು ತಾನಾಗಿ ಮಾಡಿದ್ದ!

ಮರುದಿನ ಡ್ರಮ್ಮು ತುಂಬಿದ್ದು ಏಳು ಇಪ್ಪತ್ತಕ್ಕೆ. ಸಮಾಧಾನ ಹೇಳಬೇಕೆಂದು ನಾವು ಬಾಯಿ ತೆರೆದೆವು. ಅವನು ನಮ್ಮ ಕಡೆ ನೋಡಲೇ ಇಲ್ಲ! ನಳವನ್ನೇ ನೋಡುತ್ತ ನಿಂತಿದ್ದ. ಅದರ ಮರುದಿನ ಹತ್ತು ಹತ್ತು ಮಿನಿಟಿಗೊಮ್ಮೆ ಬಕೀಟು ಹಿಡಿದು ಗಡಿಯಾರ ನೋಡಿ ಬರೆದುಕೊಂಡ. ಆರೂವರೆಗೆ 3 ಮಿನಿಟಿಗೆ ತುಂಬಿದ ಬಕೀಟಿಗೆ ಏಳು ಗಂಟೆಗೆ ನಾಲ್ಕೂವರೆ ಮಿನಿಟು ಬೇಕಾಯಿತು. ಮೇಲಿನ ಮಜಲಿನವರು ಎದ್ದು ತಮ್ಮ ನಳ ತೆರೆಯುತ್ತಾರೆ, ಅದಕ್ಕೇ ನಮ್ಮ ಧಾರೆ ಸಣ್ಣಗಾಗುತ್ತದೆ ಎಂದು ಪತ್ತೆ ಹಚ್ಚಿದ. ಅವನ ಲೆಕ್ಕ ತಪ್ಪಿರಲಿಲ್ಲ. ನೀರು ಒಂದೇ ಸಮನೆ ಬರುತ್ತದೆಂಬ ನಂಬಿಕೆ ತಪ್ಪಿತ್ತು. ಕೆಂಪು ಶಾಯಿಯ ಗೆರೆಯಿಲ್ಲದೆ ಆ ತಪ್ಪನ್ನು ಡ್ರಮ್ಮೇ ಅವನಿಗೆ ಹೇಳಿತು. ಡ್ರಮ್ಮಿಗೆ ಹುಬ್ಬಿಲ್ಲವಷ್ಟೆ! ಹೀಗಾಗಿ ಅವನು ಅಂಜಲಿಲ್ಲ.

ತಾಯಿ ಚೇತರಿಸಿಕೊಂಡ ಮೇಲೆ ನಾವಿಬ್ಬರೂ ಕುಳಿತು ಶಾಲೆಯ ಕಟ್ಟಳೆಗಳನ್ನು ಬದಲಾಯಿಸಿದೆವು. ಇತರರಿಗೂ ಉಪಯೋಗವಾದೀತೆಂದು ಅವನ್ನು ಹೇಳುತ್ತೇವೆ.

ಮೊದಲನೆಯದು, ದಿನದ ಪಾಠವನ್ನು ಎರಡು ತಾಸಿಗೆ ಇಳಿಸಿದೆವು. ಓದು, ಬರಹ, ಲೆಕ್ಕ, ಇವಿಷ್ಟು ತಪ್ಪಬಾರದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವನಿಗೆ ಬಿಟ್ಟದ್ದು. ಉಳಿದ ಹೊತ್ತು ಅವನದು. ಪೂರ್ತಿ ಬಿಟ್ಟುಬಿಡುವುದು ಸ್ವಾತಂತ್ರ್ಯವಲ್ಲ. ಗೂಟ ಕಿತ್ತ ಕರುವಿನ ಪಾಡಾದೀತು. ಹಗ್ಗವನ್ನು ಉದ್ದ ಬಿಡಬೇಕು.

ಎರಡನೆಯದು, ಪುಸ್ತಕದ ಕೊನೆಯ ಉತ್ತರಗಳ ಪುಟವನ್ನು ಅವನ ಕೈಗೇ ಕೊಟ್ಟೆವು. ಮೊದಲ ವಾರ ನೋಡಿ ಬರೆದ. ಯಾರೂ ಹೊಗಳುವವರಿಲ್ಲ, ಬೈಯುವವರಿಲ್ಲ ಎಂದಾದ ಮೇಲೆ ನೋಡಿ ಬರೆಯುವುದರಲ್ಲಿ ರುಚಿ ಉಳಿಯಲಿಲ್ಲ. ಈಗ ತಾನೇ ತಿದ್ದಿಕೊಂಡು, ತಿಳಿಯದ್ದಕ್ಕೆ ಮಾತ್ರ ಚುಕ್ಕೆ ಇಟ್ಟು ಸಂಜೆಗೆ ತರುತ್ತಾನೆ.

ಮೂರನೆಯದು, ಕೇಳಿದ ಕೂಡಲೆ ಉತ್ತರ ಹೇಳದಿರುವುದು. "ಎಲ್ಲಿ ಹುಡುಕಿದರ ಸಿಕ್ಕೀತು?" ಎಂದು ತಿರುಗಿ ಕೇಳುತ್ತೇವೆ. ಅದಕ್ಕಾಗಿ ನಿಘಂಟು ನೋಡುವುದು, ನಕಾಶೆಯಲ್ಲಿ ಅಳತೆ ತೆಗೆಯುವುದು, ಪುಸ್ತಕದ ಪರಿವಿಡಿ ಹಿಡಿದು ಪುಟಕ್ಕೆ ಹೋಗುವುದು, ಇವನ್ನು ಮಾತ್ರ ತಾಳ್ಮೆಯಿಂದ ಕಲಿಸಿದೆವು. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ 'ಬಾಲ ಪ್ರಪಂಚ'ವನ್ನು ಬರೆದದ್ದು, ಮಗು ತಾನೇ ಪುಟ ತಿರುವಿ ತನಗೆ ಬೇಕಾದುದನ್ನು ಹುಡುಕಿಕೊಳ್ಳಲೆಂದೇ ಅಲ್ಲವೆ?

ಕನ್ನಡದ ವಿಷಯದಲ್ಲೂ ಹೀಗೆಯೇ ಆಯಿತು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗನಿಗೆ ಅಕ್ಷರ ಬರುತ್ತಿರಲಿಲ್ಲ. ನಾವು ತಿದ್ದಿಸಹೋದಾಗ ಓಡಿಹೋಗುತ್ತಿದ್ದ. ಧಾರವಾಡದಿಂದ ಅವನ ಅಜ್ಜಿ ಪುಡಿಯ ಡಬ್ಬಿಗಳನ್ನು ಕಳಿಸುವಾಗ ಚೀಟಿ ಅಂಟಿಸಿರುತ್ತಾಳೆ. ಶೇಂಗಾ ಹಿಂಡಿಯೆಂದು ತಿಳಿದು ಮೆಂತ್ಯದ ಹಿಟ್ಟನ್ನು ರೊಟ್ಟಿಗೆ ಹಚ್ಚಿಕೊಂಡು ಬಾಯಿ ಕಹಿ ಮಾಡಿಕೊಂಡ ದಿನವೇ "ಈ ಚೀಟಿ ಓದೋದು ಹ್ಯಾಂಗ?" ಎಂದು ಬಂದ. ಎರಡು ತಿಂಗಳಲ್ಲಿ ಡಬ್ಬಿಗಳು ಮುಗಿದು, ಅಜ್ಜಿಯ ಪತ್ರಗಳಿಗೆ ಕೈಯಿಟ್ಟ. ಈಗ ಉತ್ತರವನ್ನೂ ಬರೆಯುತ್ತಾನೆ. ಒತ್ತಕ್ಷರಗಳು ಇನ್ನೂ ಅಡ್ಡಾದಿಡ್ಡಿ. ಅಜ್ಜಿಗೆ ಅದೇನೂ ಅಡ್ಡಿಯಾಗಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಎದೆಗಾರಿಕೆಯದು. ಎದೆ ನಡುಗದ ದಿನಗಳೇ ಇರಲಿಲ್ಲವೆಂದರೆ ಸುಳ್ಳಾದೀತು. ದೂರವಾಣಿಯಲ್ಲಿ ಸೋದರಮಾವನವರು "ಏನಪಾ, ಹುಡುಗನ್ನ ಸಾಲಿ ಬಿಡಿಸಿ ಮನ್ಯಾಗ ಕೂಡಿಸಿಯಂತ? ನಾಳಿ ಅವಂಗ ಹೆಣ್ಣು ಕೊಡೋರ್ಯಾರು?" ಎಂದರು. ಹತ್ತರ ಹುಡುಗನ ಹೆಣ್ಣಿನ ಚಿಂತೆ ಅವರಿಗೆ! ನಕ್ಕು ಬಿಟ್ಟೆವು. ಆದರೆ ಅದೇ ವಯಸ್ಸಿನ ತಂಗಿಯ ಮಗ ಪಟಪಟನೆ ಇಂಗ್ಲೀಷು ಓದಿದ್ದನ್ನು ಕಂಡ ದಿನ ನಗು ಬರಲಿಲ್ಲ. ಅವನ ತಾಯಿ ಅಂದು ರಾತ್ರಿ ಪಾತ್ರೆ ತೊಳೆಯುತ್ತ ಅತ್ತಳು. "ನಾವು ಹುಡುಗನ ಬಾಳು ಹಾಳು ಮಾಡಿದಿವೇನ್ರಿ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಏಳೆಂಟಲದ ಪ್ರಸಂಗ ನೆನಪಾಯಿತು. ಮಗ ನಮ್ಮ ಮುಖ ನೋಡಿ ಉತ್ತರ ಹೇಳುತ್ತಿದ್ದನೆಂದು ನಾವು ಮರುಗಿದೆವು. ನಾವು ಮಾಡುತ್ತಿದ್ದುದೇನು? ಮಾವನವರ ಮುಖ, ತಂಗಿಯ ಮುಖ, ನೆರೆಯವರ ಮುಖ ನೋಡಿ ನಮ್ಮ ಲೆಕ್ಕ ಸರಿಯೋ ತಪ್ಪೋ ಎಂದು ಅಳೆಯುತ್ತಿದ್ದೆವು. ಹುಡುಗನನ್ನು ನೋಡುವುದನ್ನೇ ಬಿಟ್ಟಿದ್ದೆವು. ಎದ್ದು ದೀಪ ಹಾಕಿ ಅವನ ಹಳೆಯ ನೋಟುಬುಕ್ಕುಗಳನ್ನು ತೆಗೆದೆವು. ಆರು ತಿಂಗಳ ಹಿಂದೆ ನಾಲ್ಕು ಸಾಲು ಬರೆಯಲು ಅಳುತ್ತಿದ್ದವನು ನಳದ ವಿಷಯವಾಗಿ ಎರಡು ಪುಟ ತುಂಬಿಸಿದ್ದ. ತಾಯಿಯನ್ನೆಬ್ಬಿಸಿ ತೋರಿಸಿದೆವು.

ಅಂದಿನಿಂದ ಇದೇ ನಮ್ಮ ಔಷಧ. ಮೂರು ತಿಂಗಳಿಗೊಮ್ಮೆ ಹಳೆಯ ಪುಸ್ತಕದ ಪಕ್ಕದಲ್ಲಿ ಹೊಸದನ್ನಿಟ್ಟು ನೋಡುತ್ತೇವೆ. ನಿನ್ನೆಯ ಅವನೊಡನೆ ಇಂದಿನ ಅವನ ಹೋಲಿಕೆ. ಬೇರೆ ಯಾರೊಡನೆಯೂ ಅಲ್ಲ. ಜೊತೆಗೆ ಇನ್ನೆರಡು ನೇಮಗಳುಂಟು. ದಣಿದ ದಿನ ಪಾಠವಿಲ್ಲ. ಬೇಸತ್ತ ಮನಸ್ಸಿನಿಂದ ಕಲಿಸಿದರೆ ಬೇಸರವೇ ಮಗುವಿಗೆ ಕಲಿಯಲು ಸಿಗುತ್ತದೆ. ಮತ್ತು ರವಿವಾರ ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಗೆ ಪೂರ್ತಿ ರಜೆ. ಅಡಿಗೆಮನೆ, ಶಾಲೆ ಎರಡೂ ಅಂದು ನಮ್ಮ ಪಾಲು. ಅನ್ನ ಸೀದ ದಿನಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದು ಬೇಡ.

ಸಂಗಡಿಗರ ಕೊರತೆ ಮಾತ್ರ ನಿಜವಾದ ಕೊರತೆ. ಮನೆಯೊಳಗೆ ಅದನ್ನು ತುಂಬಿಕೊಡಲಾಗದು. ಸಂಜೆ ಮೈದಾನದ ಆಟ, ಸಂಘದ ಮಕ್ಕಳೊಡನೆ ನಾಟಕದ ತಾಲೀಮು, ಇವನ್ನು ಪಾಠಕ್ಕಿಂತ ಹೆಚ್ಚಿನ ಶಿಸ್ತಿನಿಂದ ನಡೆಸುತ್ತೇವೆ.

ಮುಂದೇನೆಂದು ಕೇಳುವವರಿಗೆ ಒಂದು ಮಾಹಿತಿ. ಕೇಂದ್ರ ಸರಕಾರವು 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯನ್ನು ಸ್ಥಾಪಿಸಿತು. 2002ರಲ್ಲಿ ಅದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆಂದು ಹೆಸರು ಬದಲಿಸಿಕೊಂಡಿತು. 14 ವರ್ಷ ತುಂಬಿದವರು ಅದರ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಹೆಸರು ಹಚ್ಚಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಎಲ್ಲ ವಿಷಯಗಳನ್ನೂ ಒಮ್ಮೆಲೇ ಮುಗಿಸಬೇಕೆಂದಿಲ್ಲ. ಐದು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಮುಗಿಸಬಹುದು. ಅಲ್ಲಿಯ ಭಾಷೆಗಳಲ್ಲಿ ಕನ್ನಡವೂ ಒಂದೆಂಬುದು ಹೊರನಾಡಿನ ನಮಗೆ ಸಂತೋಷದ ಸಂಗತಿ.

ಮಗನಿಗೆ ಈಗ 12 ತುಂಬಿದೆ. ಗಟ್ಟಿಯಾಗಿ ಓದುವಾಗ ಇಂದಿಗೂ ಅಲ್ಲಲ್ಲಿ ತಡವರಿಸುತ್ತಾನೆ. ನಾಳೆ ಅವನೇ ಶಾಲೆಗೆ ಹೋಗುತ್ತೇನೆಂದರೆ ಸಂತೋಷದಿಂದ ಕಳಿಸುತ್ತೇವೆ. ಶಾಲೆ ಕೆಟ್ಟದ್ದು, ಮನೆಯೇ ಒಳ್ಳೆಯದು ಎಂದು ಸಾರಲು ಈ ಲೇಖನವಲ್ಲ; ಮಕ್ಕಳನ್ನು ಶಾಲೆಗೆ ಕಳಿಸುವ ಮನೆಗಳಲ್ಲೂ ಸಂಜೆಯ ಹೊತ್ತು ತಂದೆತಾಯಿಗಳ ಹುಬ್ಬುಗಳಿರುತ್ತವೆ. ಕಳೆದ ವಾರ ಏನೋ ಬರೆಯುತ್ತ ಕುಳಿತಿದ್ದ ಮಗನ ಬಳಿ ಹೋಗಿ ಬಗ್ಗಿ ನೋಡಿದೆವು. ಅವನು ತಲೆಯೆತ್ತದೆ, "ಇನ್ನೂ ಆಗಿಲ್ಲ ಅಪ್ಪಾ, ಆಮ್ಯಾಲ ಬರ್ರಿ" ಎಂದ. ನಾವು ಸಂತೋಷದಿಂದ ಹಿಂದಿರುಗಿದೆವು.