ಹಿಮದ ನಡುವಣ ಕೊಲೆ: ಧ್ರುವ ಠಾಣೆಯ ಪತ್ತೇದಾರಿ ಕಥೆಗಳು

ಪತ್ತೇದಾರಿ ಕಾದಂಬರಿಗಳನ್ನು ಓದುವವರು ಬಹಳ ಮಂದಿ. ಓದುತ್ತೇವೆಂದು ಒಪ್ಪಿಕೊಳ್ಳುವವರು ಕಡಿಮೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಭೂಗೋಳದ ಪುಸ್ತಕದ ಮರೆಯಲ್ಲಿಟ್ಟು ಓದಿದ ಹುಡುಗರಲ್ಲಿ ಕೆಲವರು ಮುಂದೆ ಭೂಗೋಳದ ಉಪಾಧ್ಯಾಯರೇ ಆಗಿದ್ದಾರು. ಈ ಎರಡು ವಿಷಯಗಳೂ ಕೂಡುವ ಒಂದು ಕಥಾಪ್ರಕಾರ ಇಂಗ್ಲಿಷಿನಲ್ಲಿ ಬೆಳೆದಿದೆ. ಧ್ರುವ ಪ್ರದೇಶದಲ್ಲಿ ಒಂದು ಸಂಶೋಧನಾ ಠಾಣೆ, ಅಲ್ಲಿ ಬೆರಳೆಣಿಕೆಯ ಜನ, ಒಬ್ಬ ಸಾಯುತ್ತಾನೆ, ಕೊಂದವನು ಉಳಿದವರಲ್ಲೇ ಇದ್ದಾನೆ. ಇಂಥ ಕಥೆಯ ರಚನೆ ಎಂತಹದು, ನಿಜಸಂಗತಿಗೆ ಅದು ಎಷ್ಟು ಹತ್ತಿರ ಎಂಬುದನ್ನು ಇಲ್ಲಿ ಕೊಂಚ ವಿವೇಚಿಸಬೇಕೆಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಕಥೆಗಳಲ್ಲಿ ಕಲ್ಪನೆಯ ಪಾಲು ಹೆಚ್ಚಾಗಿರುವುದು ಕೊಲೆಯಲ್ಲಲ್ಲ, ಪತ್ತೆಯಲ್ಲಿ.

ಮುಚ್ಚಿದ ಆವರಣದಲ್ಲಿ ಕೊಲೆಯನ್ನಿಡುವುದು ಪತ್ತೇದಾರಿ ಕಥೆಗಾರರ ಹಳೆಯ ಉಪಾಯ. ಅಗಾಥಾ ಕ್ರಿಸ್ಟಿಯವರು 1934ರ ಕಾದಂಬರಿಯಲ್ಲಿ ಹಿಮದಲ್ಲಿ ಸಿಕ್ಕಿಕೊಂಡು ನಿಂತ ರೈಲನ್ನೂ 1939ರದರಲ್ಲಿ ಒಂದು ಒಂಟಿ ದ್ವೀಪವನ್ನೂ ಇದಕ್ಕೆ ಬಳಸಿಕೊಂಡರು. ಇದರಿಂದ ಆಗುವ ಲಾಭ ಸ್ಪಷ್ಟವಾಗಿದೆ. ಹೊರಗಿನವನೊಬ್ಬ ಬಂದು ಕೊಂದುಹೋದನೆಂಬ ಸಮಾಧಾನ ತಪ್ಪುತ್ತದೆ. ಶಂಕಿತರ ಸಂಖ್ಯೆ ನಿಶ್ಚಿತವಾಗುತ್ತದೆ. ಪೋಲೀಸರು ದೂರವಿರುವುದರಿಂದ ಬುದ್ಧಿಗೆ ಕೆಲಸ ಬೀಳುತ್ತದೆ. ಆದರೆ ರೈಲು ನಾಳೆ ಹೊರಡಬಹುದು, ದ್ವೀಪಕ್ಕೆ ದೋಣಿ ಬರಬಹುದು. ಧ್ರುವ ಠಾಣೆಗೆ ತಿಂಗಳುಗಟ್ಟಲೆ ಯಾರೂ ಬರುವುದಿಲ್ಲ. ಅದಕ್ಕೂ ಮಿಗಿಲಾದ ಇನ್ನೊಂದು ಇಕ್ಕಟ್ಟಿದೆ. ಅಲ್ಲಿ ಶಂಕಿತನನ್ನು ದೂರವಿಡುವಂತಿಲ್ಲ. ವಿದ್ಯುತ್ ಯಂತ್ರವನ್ನು ನಡೆಸುವವನ ಮೇಲೆ ಸಂಶಯ ಬಂದರೂ ಅವನು ಕೊಡುವ ಬಿಸಿ ಬೇಕು. ಅಡಿಗೆಯವನ ಮೇಲೆ ಸಂಶಯ ಬಂದರೂ ರಾತ್ರಿ ಅವನು ಬಡಿಸಿದ್ದನ್ನೇ ಉಣ್ಣಬೇಕು. ಹೊರಗೆ ಹೆಜ್ಜೆಗುರುತನ್ನು ಹುಡುಕಿಹೋದರೆ ಬೀಸುವ ಹಿಮ ಅದನ್ನು ಮುಚ್ಚಿರುತ್ತದೆ.

ಈ ಬಗೆಯ ಬರವಣಿಗೆಗೆ ದಾರಿ ಹಾಕಿದ್ದು 1938ರಲ್ಲಿ ಅಮೆರಿಕದ ಒಂದು ವಿಜ್ಞಾನಕಥಾ ಪತ್ರಿಕೆಯಲ್ಲಿ ಬಂದ ಜಾನ್ ಕ್ಯಾಂಪ್‌ಬೆಲ್‌ರ ನೀಳ್ಗತೆ, 'ಹೂ ಗೋಸ್ ದೇರ್?'. ಅಂಟಾರ್ಕ್ಟಿಕದ ಹಿಮದಡಿಯಿಂದ ತೆಗೆದ ಅನ್ಯಲೋಕದ ಜೀವಿಯೊಂದು ಠಾಣೆಯ ಮನುಷ್ಯರ ರೂಪವನ್ನೇ ತಾಳುತ್ತದೆ. ಯಾರು ಮನುಷ್ಯ, ಯಾರು ಅಲ್ಲ? ಕಾದ ತಂತಿಯಿಂದ ಪ್ರತಿಯೊಬ್ಬನ ರಕ್ತವನ್ನು ಪರೀಕ್ಷಿಸಿ ಅದನ್ನು ಕಂಡುಹಿಡಿಯುತ್ತಾರೆ. ಭೂತದ ಕಥೆಯಂತೆ ತೋರಿದರೂ ಒಳಗಿನ ಕಟ್ಟು ಪೂರಾ ಪತ್ತೇದಾರಿಯದು. 1951ರಲ್ಲಿ ಇದನ್ನು ಚಲನಚಿತ್ರ ಮಾಡಿದವರು ಕಥೆಯನ್ನು ಉತ್ತರ ಧ್ರುವದ ಕಡೆಗೆ ಸಾಗಿಸಿ, ರೂಪ ಬದಲಿಸುವ ಮುಖ್ಯ ಸಂಗತಿಯನ್ನೇ ಬಿಟ್ಟುಬಿಟ್ಟರು. 1982ರಲ್ಲಿ ಜಾನ್ ಕಾರ್ಪೆಂಟರ್ ಅದನ್ನು ಮರಳಿ ತಂದರು.

ಶುದ್ಧ ಕೊಲೆಯ ಕಥೆ ಬೇಕೆನ್ನುವವರಿಗೆ ಸ್ಕಾಟ್ಲೆಂಡಿನ ಆಲಿಸ್ಟರ್ ಮ್ಯಾಕ್ಲೀನ್ ಇದ್ದಾರೆ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅನೇಕ ರಾಷ್ಟ್ರಗಳು ಧ್ರುವ ಪ್ರದೇಶಗಳಲ್ಲಿ ಠಾಣೆಗಳನ್ನು ಹೂಡಿದವಷ್ಟೆ. ಆ ಹಿನ್ನೆಲೆಯಲ್ಲೇ ಅವರು 1959ರಲ್ಲಿ 'ನೈಟ್ ವಿದೌಟ್ ಎಂಡ್' ಬರೆದರು. ಗ್ರೀನ್‌ಲೆಂಡಿನ ಹಿಮದ ಮೇಲಣ ಠಾಣೆಯೊಂದರ ಬಳಿ ಪ್ರಯಾಣಿಕರ ವಿಮಾನ ಬೀಳುತ್ತದೆ. ಬದುಕಿದವರನ್ನು ಠಾಣೆಯವರು ಒಳಕ್ಕೆ ಕರೆತರುತ್ತಾರೆ. ಆಮೇಲೆ ನೋಡಿದರೆ ವಿಮಾನ ಚಾಲಕನ ಬೆನ್ನಲ್ಲಿ ಗುಂಡಿನ ಗಾಯ! ರೇಡಿಯೋ ಯಂತ್ರವೂ ಹಾಳಾಗಿದೆ. ಇದ್ದ ಆಹಾರ ಎಲ್ಲರಿಗೂ ಸಾಲದು. ಕೊಲೆಗಾರನನ್ನು ಜೊತೆಗಿಟ್ಟುಕೊಂಡೇ ಟ್ರ್ಯಾಕ್ಟರಿನಲ್ಲಿ ಕರಾವಳಿಯತ್ತ ಹೊರಡಬೇಕು. ಕೊಲೆಗಾರ ಯಾರೆಂಬುದನ್ನು ನಾನು ಹೇಳುವುದಿಲ್ಲ. ಓದುವವರ ಸುಖವನ್ನು ಕೆಡಿಸಬಾರದು. ಅವರದೇ 'ಐಸ್ ಸ್ಟೇಷನ್ ಜೀಬ್ರಾ' (1963) ತೇಲುವ ಮಂಜುಗಡ್ಡೆಯ ಮೇಲಿನ ಠಾಣೆಯ ಕಥೆ. ಹೆಸರು ಅದರದು ದೊಡ್ಡದು, ಆದರೆ ಚಳಿ ಮೈಗೆ ತಟ್ಟುವುದು ಮೊದಲನೆಯದರಲ್ಲಿಯೇ ಎಂದು ನನಗೆ ತೋರುತ್ತದೆ. ಎರಡರಲ್ಲೂ ಕಥೆ ಹೇಳುವವನು ವೈದ್ಯ ಎಂಬುದನ್ನು ಗಮನಿಸಬೇಕು. ಹೆಣವನ್ನು ನೋಡಿ ಇದು ಅಪಘಾತವೋ ಕೊಲೆಯೋ ಎಂದು ಹೇಳಬಲ್ಲವನೊಬ್ಬನು ಅಲ್ಲಿರದಿದ್ದರೆ ಕಥೆ ಮುಂದೆ ಸಾಗುವುದೇ ಇಲ್ಲ.

ಇನ್ನು ನಿಜವಾಗಿ ನಡೆದದ್ದನ್ನು ನೋಡೋಣ.

ಉತ್ತರ ಮಹಾಸಾಗರದಲ್ಲಿ ಟಿ-3 ಎಂಬ ಹಿಮದ್ವೀಪವಿತ್ತು. ಅದು ನೆಲವಲ್ಲ, ಸುಮಾರು 7 ಮೈಲಿ ಉದ್ದ, 4 ಮೈಲಿ ಅಗಲ, 100 ಅಡಿ ದಪ್ಪದ ತೇಲುವ ಮಂಜುಗಡ್ಡೆ. 1952ರಿಂದ ಅಮೆರಿಕದವರು ಅದರ ಮೇಲೆ ಠಾಣೆ ಹೂಡಿ ಸಂಶೋಧನೆ ನಡೆಸುತ್ತಿದ್ದರು. ಬೇಸಗೆಯಲ್ಲಿ ಮೇಲ್ಮೈ ಕರಗಿ ವಿಮಾನ ಇಳಿಯಲಾಗುತ್ತಿರಲಿಲ್ಲ. 1970ರ ಜುಲೈ 16ರಂದು ಅಲ್ಲಿದ್ದವರು 19 ಜನ. ಒಣದ್ರಾಕ್ಷಿಯಿಂದ ಠಾಣೆಯಲ್ಲೇ ಮಾಡಿದ ಮದ್ಯದ ವಿಷಯಕ್ಕೆ ಜಗಳ ಹತ್ತಿತು. ಒಬ್ಬನು ಬಂದೂಕು ಹಿಡಿದನು. ಗುಂಡು ಹಾರಿ ಠಾಣೆಯ ಮುಖ್ಯಸ್ಥನು ಸತ್ತನು. ಕೊಂದವನು ಯಾರೆಂಬುದು ಎಲ್ಲರಿಗೂ ಗೊತ್ತು. ಗೂಢವಾಗಿದ್ದುದು ಬೇರೆ: ಅವನನ್ನು ವಿಚಾರಿಸುವ ಅಧಿಕಾರ ಯಾವ ನ್ಯಾಯಾಲಯದ್ದು?

ನಮ್ಮಲ್ಲಿ ಹೆಣ ಸಿಕ್ಕ ಜಾಗ ಯಾವ ಠಾಣೆಯ ಸರಹದ್ದಿನದೆಂದು ಮೊದಲು ಕೇಳುವುದುಂಟು. ಅಲ್ಲಿ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಆ ಮಂಜುಗಡ್ಡೆ ಯಾವ ದೇಶದ್ದೂ ಅಲ್ಲ. ಅದು ನೆಲವೇ, ಹಡಗೇ, ತೆರೆದ ಕಡಲೇ? ಆರೋಪಿಯನ್ನು ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ತಂದು ವಿಚಾರಿಸಿದರು. ಉದ್ದೇಶವಿಲ್ಲದೆ ಪ್ರಾಣಹಾನಿ ಮಾಡಿದ ಅಪರಾಧ ಸ್ಥಿರಪಟ್ಟು ಮೂರು ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ, 1972ರಲ್ಲಿ, ಅಧಿಕಾರದ ಪ್ರಶ್ನೆಗೆ ನ್ಯಾಯಾಧೀಶರು ಸಮಸಮವಾಗಿ ಇಬ್ಭಾಗವಾದರು. ಆದರೆ ಬೇರೆ ಕಾರಣಗಳಿಂದ ಶಿಕ್ಷೆಯನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿದರು. ಆ ಕಾರಣಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು: ಒಬ್ಬನ ನಡತೆ ಅಜಾಗರೂಕತೆಯದೋ ಅಲ್ಲವೋ ಎಂಬುದನ್ನು ಪೋಲೀಸರು, ವೈದ್ಯರು, ಬೀಗವಿರುವ ಬಾಗಿಲು ಇರುವ ಊರಿನ ಅಳತೆಯಿಂದ ಅಳೆಯಬಾರದು, ಇವು ಯಾವುವೂ ಇಲ್ಲದ ಆ ಮಂಜುಗಡ್ಡೆಯ ಪರಿಸ್ಥಿತಿಯನ್ನು ಪಂಚರ ಗಮನಕ್ಕೆ ತರಬೇಕಾಗಿತ್ತು ಎಂದು ಅವರು ಹೇಳಿದರು. ಆ ಬಂದೂಕು ಕುದುರೆ ಎಳೆಯದೆಯೂ ಹಾರಬಲ್ಲಷ್ಟು ಕೆಟ್ಟಿದ್ದುದೂ ಸಾಕ್ಷ್ಯದಲ್ಲಿತ್ತು. ಮರುವಿಚಾರಣೆಯಲ್ಲಿ ಆರೋಪಿಗೆ ಬಿಡುಗಡೆಯಾಯಿತು.

ಎರಡನೆಯ ಸಂಗತಿ ದಕ್ಷಿಣ ಧ್ರುವದ್ದು. ಅಲ್ಲಿನ ಅಮೆರಿಕದ ಅಮುಂಡ್ಸೆನ್-ಸ್ಕಾಟ್ ಠಾಣೆಗೆ ಫೆಬ್ರವರಿಯ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಸಾಮಾನ್ಯವಾಗಿ ವಿಮಾನವಿಲ್ಲ. 2000ದ ಮೇ 12ರಂದು, ಆಸ್ಟ್ರೇಲಿಯದ 32 ವರ್ಷದ ಖಗೋಳವಿಜ್ಞಾನಿಯೊಬ್ಬರು ಅಲ್ಲಿ ತೀರಿಕೊಂಡರು. ಹಿಂದಿನ ದಿನವಷ್ಟೇ ಅವರಿಗೆ ಅಸ್ವಸ್ಥತೆ ಕಾಣಿಸಿಕೊಂಡಿತ್ತು. ಸುಮಾರು 50 ಜನರ ಆ ಠಾಣೆಯಲ್ಲಿ ವೈದ್ಯರು ಒಬ್ಬರೇ. ರಕ್ತ ಪರೀಕ್ಷೆಯ ಯಂತ್ರವಿದ್ದರೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಸಹಜ ಮರಣವೆಂದೇ ಮೊದಲು ಎಣಿಸಿದರು. ದೇಹವು ಹಿಮದಲ್ಲಿ ಐದು ತಿಂಗಳಿಗೂ ಹೆಚ್ಚು ಕಾಲ ಕಾದಿತ್ತು. ನ್ಯೂಜಿಲೆಂಡಿಗೆ ಒಯ್ದು ಪರೀಕ್ಷಿಸಿದಾಗ ಮೆಥನಾಲ್ ಎಂಬ ವಿಷಮದ್ಯಸಾರದಿಂದ ಸಾವುಂಟಾಗಿದೆಯೆಂದು ತಿಳಿಯಿತು. ಅಷ್ಟರಲ್ಲಿ ಅವರ ಕೋಣೆ ಬರಿದಾಗಿತ್ತು, ಜೊತೆಯವರು ದೇಶದೇಶಗಳಿಗೆ ಚದರಿಹೋದರು. ವಿಷ ದೇಹವನ್ನು ಹೇಗೆ ಸೇರಿತು? 2008ರಲ್ಲಿ ನ್ಯೂಜಿಲೆಂಡಿನ ಮರಣವಿಚಾರಣಾಧಿಕಾರಿ ವರದಿಯಿತ್ತಾಗಲೂ ಅದು ತೀರ್ಮಾನವಾಗಲಿಲ್ಲ. ಕೊಲೆಯೆಂದು ಯಾರೂ ಸ್ಥಾಪಿಸಿಲ್ಲ. ವೃತ್ತಪತ್ರಿಕೆಗಳು 'ದಕ್ಷಿಣ ಧ್ರುವದ ಮೊದಲ ಕೊಲೆ' ಎಂದು ಬರೆದದ್ದು ಪತ್ತೇದಾರಿ ಕಥೆಗಳ ಅಭ್ಯಾಸಬಲದಿಂದ. ಮಗನನ್ನು ಕಳೆದುಕೊಂಡ ಮನೆಯವರಿಗಂತೂ ಕೊನೆಯ ಅಧ್ಯಾಯ ಸಿಗಲೇ ಇಲ್ಲ.

ಈ ಎರಡನ್ನೂ ಕಾದಂಬರಿಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕಥೆಗಾರನಿಗೆ ಯಾವುದು ಅನುಕೂಲವೋ ಅದೇ ತನಿಖೆಗೆ ಪ್ರತಿಕೂಲ. ಏಕಾಂತವು ಕಥೆಯಲ್ಲಿ ಸತ್ಯವನ್ನು ಒಂದು ಮೂಲೆಗೆ ಅಟ್ಟುತ್ತದೆ. ನಿಜದಲ್ಲಿ ಸಾಕ್ಷ್ಯವನ್ನು ಕರಗಿಸುತ್ತದೆ. ಎಲ್ಲರೂ ಜೊತೆಯಲ್ಲೇ ಬದುಕಬೇಕಾದ ಜಾಗದಲ್ಲಿ ಪ್ರಶ್ನೆ ಕೇಳುವವನೂ ಉತ್ತರ ಕೊಡುವವನೂ ನಾಳೆ ಒಂದೇ ಮೇಜಿಗೆ ಕೂಡಬೇಕು. ಹಾಗಿರುವಾಗ ಪಾಟೀಸವಾಲು ಹಾಕುವವರು ಯಾರು?

2018ರ ಅಕ್ಟೋಬರಿನಲ್ಲಿ ಅಂಟಾರ್ಕ್ಟಿಕದ ರಷ್ಯದ ಬೆಲ್ಲಿಂಗ್ಸ್‌ಹೌಸನ್ ಠಾಣೆಯಲ್ಲಿ ಒಬ್ಬನು ಜೊತೆಗಾರನನ್ನು ಚೂರಿಯಿಂದ ಇರಿದನು. ಇರಿಯಲ್ಪಟ್ಟವನು ಚಿಲಿ ದೇಶದಲ್ಲಿ ಚಿಕಿತ್ಸೆ ಪಡೆದು ಉಳಿದುಕೊಂಡನು; ಮುಂದೆ ಇಬ್ಬರಿಗೂ ರಾಜಿಯಾಗಿ ಮೊಕದ್ದಮೆ ಮುಗಿಯಿತು. ಓದುತ್ತಿದ್ದ ಪುಸ್ತಕಗಳ ಕೊನೆಯನ್ನು ಮೊದಲೇ ಹೇಳಿಬಿಡುತ್ತಿದ್ದುದೇ ಜಗಳಕ್ಕೆ ಕಾರಣವೆಂಬ ಸುದ್ದಿ ಲೋಕವೆಲ್ಲ ಹರಡಿತು. ಅದಕ್ಕೆ ಗಟ್ಟಿ ಆಧಾರವಿಲ್ಲ, ಆದರೂ ಜನ ಅದನ್ನೇ ನೆನಪಿಟ್ಟಿದ್ದಾರೆ.

ಕಾನೂನಿನ ಮಾತನ್ನು ಹೇಳದೆ ಬಿಡಲಾಗದು. 1959ರ ಅಂಟಾರ್ಕ್ಟಿಕ ಒಪ್ಪಂದದಂತೆ ವೀಕ್ಷಕರೂ, ಒಂದು ದೇಶದಿಂದ ಇನ್ನೊಂದರ ಠಾಣೆಗೆ ವಿನಿಮಯವಾಗಿ ಹೋದ ವಿಜ್ಞಾನಿಗಳೂ ತಮ್ಮ ಸ್ವದೇಶದ ನ್ಯಾಯಾಧಿಕಾರಕ್ಕೆ ಮಾತ್ರ ಒಳಪಟ್ಟವರು. ಉಳಿದವರ ವಿಷಯವನ್ನು ಆಯಾ ದೇಶಗಳ ಸಮಾಲೋಚನೆಗೆ ಬಿಟ್ಟಿದೆ. ಭಾರತ ಈ ಒಪ್ಪಂದವನ್ನು ಸೇರಿದ್ದು 1983ರಲ್ಲಿ. ನಮ್ಮ ಮೈತ್ರಿ ಠಾಣೆ 1989ರಿಂದಲೂ ಭಾರತಿ ಠಾಣೆ 2012ರಿಂದಲೂ ಅಲ್ಲಿ ನಡೆಯುತ್ತಿವೆ. ಚಳಿಗಾಲದ ಕತ್ತಲಲ್ಲಿ ನಮ್ಮವರು ಕೆಲವರು ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತಾರೆ. ಅವರಿಗೆ ನಮ್ಮ ದೇಶದ ಕಾನೂನನ್ನು ಅನ್ವಯಿಸುವ ಭಾರತೀಯ ಅಂಟಾರ್ಕ್ಟಿಕ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿದ್ದು 2022ರಲ್ಲಿ, ಅಂದರೆ ಮೊದಲ ಭಾರತೀಯ ತಂಡ 1981ರಲ್ಲಿ ಹೊರಟು ನಾಲ್ಕು ದಶಕ ಕಳೆದ ಮೇಲೆ.