ಸೊಸೆ ಒಂಬತ್ತು ತಿಂಗಳು ಪರದೇಶಕ್ಕೆ ಹೋದರೆ...

ಸಂಜೆಯ ಕಾಫಿ ಹೊತ್ತು. ಕಾಲೇಜಿನಿಂದ ಬಂದ ಸೊಸೆ ಕೈಕಾಲು ತೊಳೆದು, ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. "ಅತ್ತೆ, ಅಮೆರಿಕದಲ್ಲಿ ಪಾಠ ಹೇಳೋದಕ್ಕೆ ಅರ್ಜಿ ಕರೆದಿದ್ದಾರೆ. ಹಾಕ್ಲಾ?" ಎನ್ನುತ್ತಾಳೆ. ಒಲೆಯ ಮೇಲಿನ ಹಾಲಿನ ಮೇಲೆ ಕಣ್ಣಿಟ್ಟಿರುವ ನೀವು ಏನು ಹೇಳುತ್ತೀರಿ?

ನಿಜ ಹೇಳಿ. "ಹಾಕಮ್ಮ" ಅನ್ನುತ್ತೀರಾ? "ನಿನ್ನ ಗಂಡನ್ನ ಕೇಳು" ಅನ್ನುತ್ತೀರಾ? ಇಲ್ಲ, "ಅಯ್ಯೋ, ಹಾಲು ಉಕ್ತು ನೋಡು" ಎಂದು ಮಾತು ಮರೆಸುತ್ತೀರಾ?

ನನ್ನ ಪರಿಚಯದ ಒಬ್ಬ ಉಪನ್ಯಾಸಕಿ ಇದ್ದಾರೆ. ತಾಲ್ಲೂಕು ಊರಿನ ಕಾಲೇಜಿನಲ್ಲಿ ಹದಿಮೂರು ವರ್ಷದಿಂದ ಸಸ್ಯಶಾಸ್ತ್ರ ಪಾಠ ಹೇಳುವವರು. ಕಷ್ಟಪಟ್ಟು ಪಿಎಚ್.ಡಿ. ಮಾಡಿಕೊಂಡರು. ಇಂಥದೇ ಅರ್ಜಿಯನ್ನು ರಾತ್ರಿಯೆಲ್ಲ ಕೂತು ತುಂಬಿದರು. ಕಳಿಸಲಿಲ್ಲ. ಯಾಕೆ ಎಂದು ಕೇಳಿದೆ. "ಬೇಡ ಅಂತ ಮನೇಲಿ ಯಾರೂ ಅನ್ನಲಿಲ್ಲ. ಹೋಗು ಅಂತಲೂ ಯಾರೂ ಅನ್ನಲಿಲ್ಲ. ಕೊನೇ ದಿನ ನಮ್ಮತ್ತೆಗೆ ಮಂಡಿನೋವು ಜಾಸ್ತಿ ಇತ್ತು. ನಾನೇ ಸುಮ್ಮನಾದೆ" ಎಂದರು. ಹೇಳುವಾಗ ಅವರಿಗೆ ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆಚ್ಚು ಬೇಸರ ತಂದದ್ದು.

ಇಂಥ ಅವಕಾಶಗಳ ಬಗ್ಗೆ ಬರೆಯುವವರೆಲ್ಲ ಅಧ್ಯಾಪಕರಿಗಾಗಿ ಬರೆಯುತ್ತಾರೆ. ಆದರೆ ಅರ್ಜಿ ಹೋಗಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ನಮ್ಮ ಅಡುಗೆಮನೆಗಳಲ್ಲಿ. ಆದ್ದರಿಂದ ಈ ಲೇಖನ ಅತ್ತೆಗೆ, ಅಮ್ಮನಿಗೆ, ನಾದಿನಿಗೆ, ಉಪನ್ಯಾಸಕರ ಹೆಂಡತಿಗೆ.

ಏನಿದು ಫುಲ್‌ಬ್ರೈಟ್?

ಹೆಸರು ಕೇಳಿರಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದ ಸಾಮಾನು ಊರೂರಲ್ಲಿ ರಾಶಿ ಬಿದ್ದಿತ್ತು. ಅದನ್ನು ಮಾರಿ ಬಂದ ಹಣದಲ್ಲಿ ದೇಶದೇಶಗಳ ನಡುವೆ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕಳಿಸಿ ಕರೆಸೋಣ ಎಂದು ಸೆನೆಟರ್ ಫುಲ್‌ಬ್ರೈಟ್ ಎಂಬವರು 1946ರಲ್ಲಿ ಒಂದು ಕಾನೂನು ಮಾಡಿಸಿದರು. ನಾವು ಹಳೇ ಹಿತ್ತಾಳೆ ಪಾತ್ರೆ ಹಾಕಿ ಸ್ಟೀಲ್ ಪಾತ್ರೆ ಕೊಂಡ ಹಾಗೆ ಅನ್ನಿ! ನಮ್ಮ ದೇಶ ಈ ಒಪ್ಪಂದಕ್ಕೆ ಸೇರಿದ್ದು 1950ರ ಫೆಬ್ರವರಿ 2ರಂದು. ನಮ್ಮ ಕಡೆಯಿಂದ ಸಹಿ ಹಾಕಿದವರು ಜವಾಹರಲಾಲ್ ನೆಹರೂ. 2008ರಲ್ಲಿ ಹೊಸ ಒಪ್ಪಂದವಾಗಿ ಎರಡೂ ಸರ್ಕಾರಗಳು ಸಮಪಾಲುದಾರರಾದವು. ಆಮೇಲೆ ಇದಕ್ಕೆ ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂತು. ಅಂದರೆ ಇದು ಯಾರೋ ಕೊಡುವ ದಾನವಲ್ಲ, ನಮ್ಮ ಸರ್ಕಾರದ ಪಾಲೂ ಇದರಲ್ಲಿ ಉಂಟು.

ಪಿಎಚ್.ಡಿ. ಮುಗಿಸಿ ಕೆಲವು ವರ್ಷ ಪಾಠ ಹೇಳಿದವರಿಗೆ ಇದರಲ್ಲಿ ಒಂದು ಫೆಲೋಷಿಪ್ ಇದೆ. ನಾಲ್ಕರಿಂದ ಒಂಬತ್ತು ತಿಂಗಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಬಹುದು, ಸಂಶೋಧನೆ ಮಾಡಬಹುದು, ಎರಡನ್ನೂ ಮಾಡಬಹುದು. ಹೋಗಿಬರುವ ವಿಮಾನದ ಖರ್ಚು, ತಿಂಗಳ ವೇತನ, ಅವರ ಆರೋಗ್ಯ ವಿಮೆ ಎಲ್ಲ ಸೇರಿದೆ. ಅರ್ಜಿಗೆ ಶುಲ್ಕವಿಲ್ಲ. "ನಾನು ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಎಂದು ಯಾರಾದರೂ ಬಂದರೆ ಕಾಫಿ ಕೊಡುವ ಮೊದಲೇ ಬಾಗಿಲು ತೋರಿಸಿ.

ಒಂಬತ್ತು ತಿಂಗಳು ಹೆಚ್ಚಾಯಿತು ಎನ್ನುವ ಮನೆಗಳಿಗೆ ಇನ್ನೊಂದು ದಾರಿ ಇದೆ. ಜರ್ಮನಿಯ ಡಿಎಎಡಿ ಎಂಬ ಸಂಸ್ಥೆ ಅಧ್ಯಾಪಕರಿಗೆ ಒಂದರಿಂದ ಮೂರು ತಿಂಗಳ ಸಂಶೋಧನಾ ಭೇಟಿಗೆ ನೆರವು ಕೊಡುತ್ತದೆ. ಬೇಸಿಗೆ ರಜೆಗೆ ತವರಿಗೆ ಹೋಗಿ ಬಂದಷ್ಟೇ ಕಾಲ! ಈ ಯೋಜನೆಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಳೆಯ ಕಾಗದ ನಂಬದೆ ಆ ವರ್ಷದ ಪ್ರಕಟಣೆಯನ್ನೇ ಓದಿಸಬೇಕು.

"ಹೋದವರು ಬರೋದಿಲ್ಲ"

ಇದು ಎಲ್ಲರ ಮನಸ್ಸಿನ ಮೊದಲ ಭಯ. ಬಾಯಿಬಿಟ್ಟು ಹೇಳುವವರು ಕಡಿಮೆ.

ಇಲ್ಲೊಂದು ನಿಯಮ ನಿಮಗೆ ಗೊತ್ತಿರಲಿ. ಫುಲ್‌ಬ್ರೈಟ್‌ನಲ್ಲಿ ಹೋಗುವವರಿಗೆ ಸಿಗುವುದು ಜೆ-1 ಎಂಬ ವೀಸಾ. ಅವಧಿ ಮುಗಿದ ಮೇಲೆ ಅವರು ಸ್ವದೇಶದಲ್ಲಿ ಒಟ್ಟು ಎರಡು ವರ್ಷ ಕಳೆಯಬೇಕು. ಅಲ್ಲಿಯ ತನಕ ಅಮೆರಿಕದ ಎಚ್-1ಬಿ ಎಂಬ ಕೆಲಸದ ವೀಸಾ ಆಗಲಿ, ಖಾಯಂ ವಾಸದ ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಜೊತೆಗೆ ಹೋದ ಗಂಡನಿಗೂ ಮಕ್ಕಳಿಗೂ ಇದೇ ನಿಯಮ. ವಿನಾಯಿತಿ ಕೇಳುವ ದಾರಿ ಇದ್ದರೂ ಫುಲ್‌ಬ್ರೈಟ್‌ನವರಿಗೆ ಅದು ಸುಲಭವಲ್ಲ. ಕಂಪ್ಯೂಟರ್ ಕೆಲಸಕ್ಕೆ ಹೋದ ಎದುರುಮನೆಯ ಹುಡುಗನ ಕಥೆಯೇ ಬೇರೆ, ಇದೇ ಬೇರೆ.

ಹಾಗೆಂದು ಹೋದವರೆಲ್ಲ ಬಂದೇ ಬಂದರು ಎಂದು ಸುಳ್ಳು ಹೇಳಲಾರೆ. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದವರು. 1959ರಲ್ಲಿ ಫುಲ್‌ಬ್ರೈಟ್ ಫೆಲೋಷಿಪ್ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಷಿಕಾಗೋದಲ್ಲಿ ಪ್ರಾಧ್ಯಾಪಕರಾದರು, 1993ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆದರೆ ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಜಗತ್ತಿನ ಕೈಗಿಟ್ಟವರು ಅವರೇ. ಅಜ್ಜಿಯರು, ಅತ್ತೆಯರು ಮಕ್ಕಳಿಗೆ ತುತ್ತು ಕೊಡುತ್ತ ಹೇಳುವ ಕಥೆಗಳಿವೆಯಲ್ಲ, ಅವುಗಳನ್ನು ಕೂಡಿಹಾಕಿ, ಅವೂ ವಿದ್ವತ್ತಿಗೆ ವಿಷಯ ಎಂದು ತೋರಿಸಿಕೊಟ್ಟವರೂ ಅವರೇ.

ಇನ್ನೊಬ್ಬರು ಯು.ಆರ್. ಅನಂತಮೂರ್ತಿ. ಅವರೂ ಇಂಗ್ಲಿಷ್ ಅಧ್ಯಾಪಕರೇ. 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ತಮ್ಮ ಗುರುಗಳೊಂದಿಗೆ ಬರ್ಗ್‌ಮನ್ನನ ಒಂದು ಸಿನಿಮಾಕ್ಕೆ ಹೋದರಂತೆ. ಸ್ವೀಡನ್ನಿನ ಭಾಷೆ, ಕೆಳಗೆ ಇಂಗ್ಲಿಷ್ ಸಾಲುಗಳೂ ಇಲ್ಲ. ಅರ್ಧಂಬರ್ಧ ಅರ್ಥವಾದ ಆ ಸಿನಿಮಾ ಮನಸ್ಸನ್ನು ಕಲಕಿ, ಮಲೆನಾಡಿನ ಅಗ್ರಹಾರದ ಕಥೆ 'ಸಂಸ್ಕಾರ'ವನ್ನು ಅವರು ಬರೆದದ್ದು ಆ ದೂರದ ಊರಿನಲ್ಲಿ ಕೂತು. ಪಿಎಚ್.ಡಿ. ಮುಗಿಸಿ 1966ರಲ್ಲಿ ವಾಪಸಾದರು, ಮೈಸೂರಿನಲ್ಲಿ ಪಾಠ ಹೇಳಿದರು. ಹತ್ತು ವರ್ಷದ ಮೇಲೆ, 1976ರಲ್ಲಿ, ಆ ಪುಸ್ತಕದ ಇಂಗ್ಲಿಷ್ ಅನುವಾದ ಬಂತು. ಅನುವಾದ ಮಾಡಿದವರು ಯಾರು ಗೊತ್ತೇ? ಅಲ್ಲೇ ಉಳಿದ ರಾಮಾನುಜನ್!

ಗಂಡಸರ ಮಾತಾಯಿತು, ಹೆಂಗಸರು?

ಇದ್ದಾರೆ. ಈ ಫುಲ್‌ಬ್ರೈಟ್ ಹುಟ್ಟುವುದಕ್ಕೂ ಮೊದಲೇ ಇದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಬಾರ್ಬರ್ ವಿದ್ಯಾರ್ಥಿವೇತನ ಎಂದು 1917ರಲ್ಲಿ ಸ್ಥಾಪನೆಯಾಯಿತು. ತಲಚೇರಿಯ ಜಾನಕಿ ಅಮ್ಮಾಳ್ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಈ ವೇತನ ಸಿಕ್ಕಿತು. ಹೋದರು, ಓದಿದರು, ಅದೇ ಕಾಲೇಜಿಗೆ ಮರಳಿ ಬಂದು ಪಾಠ ಹೇಳಿದರು, ಮತ್ತೆ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಅವರು ಮಾಡಿದ ಕೆಲಸ ಪ್ರಸಿದ್ಧ. ಸೀರೆ ಉಟ್ಟುಕೊಂಡೇ ಜಗತ್ತು ಸುತ್ತಿದ ಹೆಂಗಸು.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದವರು, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. ಸ್ವಾತಂತ್ರ್ಯ ಬಂದ 1947ರಲ್ಲಿ, ಮದುವೆಗೆ ಮುಂಚೆ, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಡಗು ಹತ್ತಿ ಅದೇ ಮಿಷಿಗನ್‌ಗೆ ಹೋದರು. ಮುಂದಿನ ಓದಿಗೆ ಬಾರ್ಬರ್ ವೇತನವೂ ಸಿಕ್ಕಿತು. ಪಿಎಚ್.ಡಿ. ಮುಗಿಸಿ 1953ರಲ್ಲಿ ಹಿಂತಿರುಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಧ್ಯಾಪಕಿಯಾದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಅಂಥ ಅಜ್ಜಿ ಮನೆಯಲ್ಲಿದ್ದರೆ ಮೊಮ್ಮಗಳಿಗೆ ಹಡಗು ಹತ್ತುವುದಕ್ಕೆ ಅಷ್ಟು ಅಳುಕು ಆಗಿರಲಾರದು ಎಂದು ನನ್ನ ಊಹೆ.

ಮನೆ, ಮಕ್ಕಳು, ದುಡ್ಡು

"ಮಗು ಏನು ಮಾಡುತ್ತೆ?" ನ್ಯಾಯವಾದ ಪ್ರಶ್ನೆ. ಗಂಡ, ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳು ಜೊತೆಗೆ ಹೋಗಬಹುದು. ಅವರಿಗೆ ಜೆ-2 ವೀಸಾ. ಮಕ್ಕಳಿಗೆ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಫೀಜಿಲ್ಲದೆ ಓದಲು ಅವಕಾಶವಿದೆ. ಆದರೆ ಲಸಿಕೆಗಳ ದಾಖಲೆ ಕೇಳುತ್ತಾರೆ. ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಆ ಹಳದಿ ಬಣ್ಣ ತಿರುಗಿದ ಕಾರ್ಡು ಬೀರುವಿನ ಯಾವ ಮೂಲೆಯಲ್ಲಿದೆ, ಈಗಲೇ ಹುಡುಕಿಡಿ.

ಲೆಕ್ಕ ಮಾತ್ರ ಸರಿಯಾಗಿ ಹಾಕಬೇಕು. ಫೆಲೋಷಿಪ್‌ನ ವಿಮೆ ಹೋಗುವವರಿಗೆ ಮಾತ್ರ. ಗಂಡ ಮಕ್ಕಳಿಗೆ ಸ್ವಂತ ಖರ್ಚಿನಲ್ಲಿ ಮಾಡಿಸಬೇಕು. ಒಂದೊಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ಚಿಕಿತ್ಸಾವೆಚ್ಚ ಭರಿಸುವ ವಿಮೆ ಇರಲೇಬೇಕೆಂದು ಅಲ್ಲಿನ ಕಾನೂನು. ಅವಲಂಬಿತರಿಗೆ ಭತ್ಯೆ ಉಂಟು, ಆದರೆ ಹಣ ಲಭ್ಯವಿದ್ದರೆ ಮಾತ್ರ. ಜೊತೆಗೆ ಹೋದ ಗಂಡ ಅಲ್ಲಿ ಅನುಮತಿ ಪಡೆದು ಕೆಲಸ ಮಾಡಬಹುದು. ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ನೆಚ್ಚಿಕೊಂಡು ಹೊರಡಬಾರದು. ಇಲ್ಲಿಯ ಸಂಬಳ ನಿಲ್ಲುತ್ತದೋ ಬರುತ್ತದೋ ಎಂಬುದನ್ನು ಕಾಲೇಜಿನಲ್ಲಿ ಬರಹದಲ್ಲಿ ತಿಳಿದುಕೊಳ್ಳಬೇಕು. ಬಾಯಿಮಾತು ಸಾಲದು. ಅರ್ಜಿಯ ಜೊತೆಗೇ ಕಾಲೇಜಿನವರ ಒಪ್ಪಿಗೆ ಬೇಕಾಗುತ್ತದೆ. ಅದಕ್ಕೆ ಅಲೆಯುವುದರಲ್ಲೇ ಚಪ್ಪಲಿ ಸವೆಯುತ್ತದೆ ಎಂದು ಅನುಭವಸ್ಥರು ಹೇಳುತ್ತಾರೆ.

ಸಮಾಧಾನದ ಸಂಗತಿ ಒಂದಿದೆ. ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಪ್ರಕಟಣೆ ಬರುತ್ತದೆ, ಜುಲೈ ಸುಮಾರಿಗೆ ಕೊನೆಯ ದಿನ. ಆಯ್ಕೆಯಾದವರು ಹೊರಡುವುದು ಮುಂದಿನ ವರ್ಷ. ಅಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕೈಯಲ್ಲಿದೆ. ಮಂಡಿನೋವಿಗೆ ಔಷಧಿ ಮಾಡಿಸಬಹುದು, ಮನೆಗೆಲಸಕ್ಕೆ ಒಬ್ಬರನ್ನು ಹುಡುಕಬಹುದು, ಮಗನಿಗೆ ಅನ್ನ ಸಾರು ಮಾಡುವುದನ್ನು ಕಲಿಸಬಹುದು. ನಗಬೇಡಿ! ಒಂದು ವರ್ಷದಲ್ಲಿ ಸಾರು ಕಲಿಯದ ಗಂಡಸು ಇರಲಾರ. ಅಲ್ಲಿಯ ಕಾಲೇಜಿನ ಅವಧಿ ಆಗಸ್ಟ್ ಕೊನೆಗೆ ಆರಂಭವಾಗಿ ಡಿಸೆಂಬರ್‌ಗೆ ಮುಗಿಯುತ್ತದೆ. ನಾಲ್ಕು ತಿಂಗಳಿಗೆ ಮಾತ್ರ ಕೇಳಿಕೊಂಡರೆ ಸಂಕ್ರಾಂತಿಗೆ ಸೊಸೆ ಮನೆಯಲ್ಲಿ.

ಡಬ್ಬದಲ್ಲಿ ಏನು ಕಟ್ಟಿಕೊಡುವುದು?

ಈ ವಿಷಯ ನಮ್ಮದು, ಯಾವ ಪ್ರಕಟಣೆಯಲ್ಲೂ ಇರುವುದಿಲ್ಲ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಚೆನ್ನಾಗಿ ಹುರಿದು, ಆರಿಸಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಕಟ್ಟಿ, ಮೇಲೆ ಹೆಸರು ಬರೆದಿಡಿ. ಹಸಿ ಕರಿಬೇವಿನ ಸೊಪ್ಪನ್ನು ಮಾತ್ರ ಖಂಡಿತ ಇಡಬೇಡಿ. ಕರಿಬೇವು ನಿಂಬೆ-ಕಿತ್ತಳೆಯ ಬಳಗಕ್ಕೆ ಸೇರಿದ ಗಿಡ, ಅದರಿಂದ ತಮ್ಮ ಕಿತ್ತಳೆ ತೋಟಗಳಿಗೆ ರೋಗ ತಗಲೀತು ಎಂದು ಅಲ್ಲಿನವರಿಗೆ ಭಯ. ತಾಜಾ ಹಣ್ಣು, ಬಿತ್ತುವ ಬೀಜ, ಮಾಂಸದ ಪದಾರ್ಥ ಕೂಡ ಬೇಡ. ಏನೇ ತಿಂಡಿ ಒಯ್ದರೂ ವಿಮಾನ ಇಳಿದ ಕೂಡಲೆ ಅಧಿಕಾರಿಗಳಿಗೆ "ಇದೆ" ಎಂದು ಹೇಳಿಬಿಡಬೇಕು. ಹೇಳಿದರೆ ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ.

ಮಿಕ್ಸಿ ಕಟ್ಟಿಕೊಡಬೇಡಿ. ಅಲ್ಲಿ ಕರೆಂಟು 120 ವೋಲ್ಟು, ನಮ್ಮದು 230. ನಮ್ಮ ಮಿಕ್ಸಿ ಅಲ್ಲಿ ಮುಲುಗುತ್ತದೆಯೇ ಹೊರತು ತಿರುಗುವುದಿಲ್ಲ. ಮೂರು ಲೀಟರಿನ ಕುಕ್ಕರ್ ಆಗುತ್ತದೆ, ಒಂದು ಹೆಚ್ಚುವರಿ ಗ್ಯಾಸ್ಕೆಟ್ಟನ್ನೂ ಸೇರಿಸಿ. ಕುಕ್ಕರಿನೊಳಗಿನ ಖಾಲಿ ಜಾಗದಲ್ಲಿ ಪುಡಿಯ ಪೊಟ್ಟಣಗಳು ಸರಿಯಾಗಿ ಕೂರುತ್ತವೆ.

ಹೊರಡುವವರು ಮಗನೋ ಗಂಡನೋ ಆದರೆ ನಾವು ಇದನ್ನೆಲ್ಲ ಹೇಳಿಸಿಕೊಳ್ಳದೆಯೇ ಮಾಡುತ್ತೇವೆ. "ಮನೆ ಹೆಂಗೆ?" ಎಂಬ ಪ್ರಶ್ನೆ ಆಗ ಏಳುವುದೇ ಇಲ್ಲ ನೋಡಿ.

ಆ ಸಸ್ಯಶಾಸ್ತ್ರದ ಉಪನ್ಯಾಸಕಿಯ ಮನೆಗೆ ಕಳೆದ ತಿಂಗಳು ಅರಿಸಿನ ಕುಂಕುಮಕ್ಕೆ ಹೋಗಿದ್ದೆ. ಅವರ ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಸೊಸೆ ಅಡುಗೆಮನೆಯಲ್ಲಿದ್ದಾಳೆಂದು ನೋಡಿಕೊಂಡು, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಅಲ್ಲಮ್ಮ, ಆ ಅಮೆರಿಕದ ಅರ್ಜಿ ಇದೆಯಲ್ಲ, ಅದನ್ನ ಒಂದೇ ಸಲ ಕರೆಯೋದಾ? ಪ್ರತಿ ವರ್ಷ ಕರೀತಾರಾ?"